‘ಇಗ್ನಮಿನಿ’ಗೂ ‘ಇಗ್ನೋರ್’ಗೂ ನಂಟಿದೆಯೇ?

ಪ್ರಶ್ನೆ: ಸರ್, ಚುನಾವಣೆ ಫಲಿತಾಂಶದ ಇಂಗ್ಲಿಷ್ ವರದಿಯೊಂದರಲ್ಲಿ, ಠೇವಣಿ ಕಳೆದುಕೊಂಡ ಅಭ್ಯರ್ಥಿಗೆ ‘ಇಗ್ನಮಿನಿ’ ಆಯಿತು ಎಂದು ಬರೆದಿದ್ದರು. ನಿಘಂಟಿನಲ್ಲಿ ಅವಮಾನ, ಅಪಕೀರ್ತಿ ಎರಡೂ ಇವೆ. ಯಾವುದು ಸರಿ? ಇದು ‘ಇಗ್ನೋರ್’ನಿಂದ ಬಂದ ಪದವಾ?
– ಬಿ.ಎ. ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ‘ಇಗ್ನೋರ್’ನಿಂದ ಬಂದದ್ದಲ್ಲ. ಆದರೆ ನಿಮಗೆ ಹಾಗನ್ನಿಸಿದ್ದು ಸುಮ್ನೆ ಅಲ್ಲ.

‘ಇಗ್ನಮಿನಿ’ಯ ಮೂಲ ಲ್ಯಾಟಿನ್‌ನ ‘ಇಗ್ನೊಮಿನಿಯಾ’. ಫ್ರೆಂಚ್ ಮೂಲಕ 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂತು. ‘ಇನ್’ ಅಂದರೆ ಇಲ್ಲ, ‘ನೋಮೆನ್’ ಅಂದರೆ ಹೆಸರು. ಇದ್ದ ಒಳ್ಳೆಯ ಹೆಸರು ಇಲ್ಲವಾಗುವುದೇ ಇಗ್ನಮಿನಿ. ನಡುವೆ ‘ಗ’ ಎಲ್ಲಿಂದ ಬಂತು? ‘ತಿಳಿ’ ಎಂಬ ಅರ್ಥದ ‘ಗ್ನೋಸ್ಕೆರೆ’ ಎಂಬ ಕ್ರಿಯಾಪದದ ಪ್ರಭಾವದಿಂದ ಸೇರಿಕೊಂಡಿತು. ‘ಇಗ್ನೋರ್’ ಹುಟ್ಟಿದ್ದು ಆ ‘ತಿಳಿ’ ಬೇರಿನಿಂದಲೇ. ಇನ್ನೂ ಸ್ವಾರಸ್ಯವೆಂದರೆ, ‘ನೋಮೆನ್’ ಸಂಸ್ಕೃತದ ‘ನಾಮ’ದ ಬಂಧು, ‘ಗ್ನೋಸ್ಕೆರೆ’ ‘ಜ್ಞಾನ’ದ ಬಂಧು. ನಮ್ಮ ‘ಹೆಸರು’ ಬೇರೆಯೇ ಮನೆತನದ್ದು. ಹಳಗನ್ನಡದಲ್ಲಿ ಅದು ‘ಪೆಸರ್’. ನಿಮ್ಮ ಮುಳಬಾಗಿಲಿನ ಕಡೆ ತೆಲುಗಿನಲ್ಲಿ ‘ಪೇರು’ ಅಂತಾರಲ್ವಾ, ಅದೂ ಇದೇ ಬಳಗ.

ಅರ್ಥ ಸರಿಯಾಗಿ ಹಿಡಿಯಬೇಕಾದರೆ ಪ್ರಾಚೀನ ರೋಮ್‌ಗೆ ಹೋಗಬೇಕು. ಅಲ್ಲಿ ‘ಸೆನ್ಸರ್’ ಎಂಬ ಇಬ್ಬರು ಅಧಿಕಾರಿಗಳಿದ್ದರು. ಜನಗಣತಿ ಅವರ ಕೆಲಸ, ನಾಗರಿಕರ ನಡತೆಯ ಮೇಲೆ ಕಣ್ಣಿಡುವುದೂ ಅವರದೇ ಕೆಲಸ. ನಡತೆ ಕೆಟ್ಟವನ ಹೆಸರಿನ ಮುಂದೆ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ಸೆನೆಟ್ ಎಂಬ ಹಿರಿಯರ ಸಭೆಯ ಸದಸ್ಯನಾದರೆ ಪಟ್ಟಿಯಿಂದಲೇ ತೆಗೆಯುತ್ತಿದ್ದರು. ಕ್ರಿ.ಪೂ. 184ರಲ್ಲಿ ಸೆನ್ಸರ್ ಆಗಿದ್ದ ಕೇಟೋ, ಹಿಂದೆ ಕಾನ್ಸಲ್ ಎಂಬ ಅತ್ಯುನ್ನತ ಹುದ್ದೆಯಲ್ಲಿದ್ದ ಲೂಸಿಯಸ್ ಫ್ಲಾಮಿನಿನಸ್‌ನನ್ನೇ ಹೀಗೆ ಹೊರಹಾಕಿದ. ಜೈಲಿಲ್ಲ, ಛಡಿಯೇಟಿಲ್ಲ. ಸೆನ್ಸರ್‌ನ ತೀರ್ಪಿನಿಂದ ನಾಚಿಕೆಗೆ ಮುಖ ಕೆಂಪಾಗುತ್ತದೆ ಅಷ್ಟೇ, ಪೆಟ್ಟು ಬೀಳುವುದು ಹೆಸರಿಗೆ ಮಾತ್ರ, ಅದಕ್ಕೇ ಅದನ್ನು ಇಗ್ನೊಮಿನಿಯಾ ಅನ್ನುತ್ತಾರೆ ಎಂದು ರೋಮ್‌ನ ಹೆಸರಾಂತ ವಾಗ್ಮಿ ಸಿಸೆರೊ ವಿವರಿಸಿದ್ದಾನೆ. ಮುಂದೆ ಬರುವ ಸೆನ್ಸರ್‌ಗಳು ಬೇಕಿದ್ದರೆ ಆ ಗುರುತನ್ನು ಅಳಿಸಬಹುದಿತ್ತು. ಈ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ಈಗ ನಿಮ್ಮ ಠೇವಣಿ ವಿಷಯ. ಗೆಲ್ಲದ ಅಭ್ಯರ್ಥಿಗೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳದಿದ್ದರೆ ಠೇವಣಿ ಜಪ್ತಿಯಾಗುತ್ತದೆ. ವಿಧಾನಸಭೆಗೆ ನಿಂತ ಸಾಮಾನ್ಯ ವರ್ಗದ ಅಭ್ಯರ್ಥಿ ಕಟ್ಟುವುದು 10,000 ರೂಪಾಯಿ. ಚುನಾವಣೆಗೆ ಖರ್ಚು ಮಾಡುವವರಿಗೆ ಅದೇನು ದೊಡ್ಡ ದುಡ್ಡಲ್ಲ. ಆದರೆ ‘ಠೇವಣಿನೂ ಉಳಿಸಿಕೊಳ್ಳಲಿಲ್ಲ’ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ವರದಿಗಾರರು ಸರಿಯಾದ ಪದವನ್ನೇ ಬಳಸಿದ್ದಾರೆ.

‘ಅವಮಾನ’ ನಾಲ್ಕು ಗೋಡೆಯ ನಡುವೆಯೂ ಆಗಬಹುದು. ಇಗ್ನಮಿನಿಗೆ ನಾಲ್ಕು ಜನರ ಕಣ್ಣು ಬೇಕು. ‘ಅಪಕೀರ್ತಿ’ ಸ್ವಲ್ಪ ಹತ್ತಿರ, ಆದರೆ ಅದನ್ನು ನಾನು ‘ಇನ್ಫಮಿ’ಗೆ ಮೀಸಲಿಡುತ್ತೇನೆ. ಅದು ಘೋರ ಕೆಲಸದಿಂದ ಬರುವ ಕುಖ್ಯಾತಿ. ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ನಡೆಸಿದ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಬಳಸಿದ್ದು ಆ ಪದವನ್ನು. ನಿಮ್ಮ ವಾಕ್ಯಕ್ಕೆ ‘ಠೇವಣಿ ಕಳೆದುಕೊಂಡು ಮಾನಗೇಡಾಯಿತು’ ಎಂದು ಬರೆಯಿರಿ.

ಉಚ್ಚರಿಸುವಾಗ ಒತ್ತು ಮೊದಲ ‘ಇಗ್’ ಮೇಲೆ ಇರಲಿ. ವಿಶೇಷಣವಾದ ‘ಇಗ್ನಮಿನಿಯಸ್’ನಲ್ಲಿ ಅದು ‘ಮಿ’ಗೆ ಜಾರುತ್ತದೆ.