ಬಿರುಕಿಗೆ ಪುಟ್ಟಿ ಹಚ್ಚುವ ಮೊದಲು

ಪ್ರಶ್ನೆ: ನಮ್ಮ ಸೈಟಿನಲ್ಲಿ ಗುತ್ತಿಗೆ ಕೊಟ್ಟು ಮನೆ ಕಟ್ಟಿಸಿದೆವು. ಗೃಹಪ್ರವೇಶವಾಗಿ ವರ್ಷ ತುಂಬಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ, ಒಂದು ಬಾಗಿಲು ಹಾಕೋಕೇ ಬರ್ತಿಲ್ಲ. ಗುತ್ತಿಗೆದಾರರು "ಹೊಸ ಮನೆಗೆ ಇದೆಲ್ಲ ಇದ್ದದ್ದೇ, ಪುಟ್ಟಿ ಹಚ್ಚಿ ಬಣ್ಣ ಹೊಡೆಸ್ತೀನಿ, ಬಾಕಿ ದುಡ್ಡು ಕೊಡಿ" ಅಂತಾರೆ. ಏನು ಮಾಡೋದು?
– ಓದುಗರು, ರಾಯಚೂರು

ಉತ್ತರ: ಸದ್ಯಕ್ಕೆ ಪುಟ್ಟಿ ಬೇಡವೇ ಬೇಡ. ಆ ಬಿರುಕೇ ನಿಮ್ಮ ಸಾಕ್ಷಿ.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತೆ, ಸರಿಯಾಗಿ ನೀರು ಹೊಡೆಯದಿದ್ದರೆ ಪ್ಲಾಸ್ಟರ್ ಮೇಲೆ ಕೂದಲೆಳೆಯಂಥ ಗೆರೆ ಬೀಳುತ್ತೆ. ಅದು ಬರೀ ಮೇಲ್ಮೈದು. ಆದರೆ ಓರೆ ಬಿರುಕು, ಹಿಡಿದುಕೊಳ್ಳುವ ಬಾಗಿಲು, ಅದೂ ಮಳೆ ಆದಮೇಲೆ – ಮೂರೂ ಒಟ್ಟಿಗೆ ಬಂದರೆ ಬುನಾದಿ ಕದಲಿರಬಹುದು ಅಂತ ಅನುಮಾನ ಪಡಲೇಬೇಕು. ರಾಯಚೂರಿನ ಸುತ್ತ ಎರೆಮಣ್ಣು ಜಾಸ್ತಿ ಅಲ್ವಾ? ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಗಟ್ಟಿ ಗರಸು ಸಿಗುವವರೆಗೆ ಅಗೆಯದೆ ಅದರ ಮೇಲೇ ಬುನಾದಿ ಹಾಕಿದರೆ ಗೋಡೆಯೂ ಅದರ ಜೊತೆ ಏಳುತ್ತೆ, ಇಳಿಯುತ್ತೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಒಂದು ಕಡೆ ಬಣ್ಣ ಕೆರೆದು, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಯನ್ನು ಅರಾಲ್ಡೈಟ್‌ನಿಂದ ಅಂಟಿಸಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತೆ. ಆಮೇಲೆ ಮನೆ ಸುತ್ತ ಒಂದು ಸುತ್ತು ಹಾಕಿ: ಮಾಳಿಗೆ ನೀರಿನ ಪೈಪು ಗೋಡೆ ಬುಡಕ್ಕೇ ಸುರೀತಿದೆಯಾ, ಬಚ್ಚಲಿನ ಚೇಂಬರ್ ಸೋರ್ತಿದೆಯಾ? ಹಾಗಿದ್ದರೆ ಆ ನೀರನ್ನು ದೂರ ಹರಿಸೋ ಕೆಲಸ ಇವತ್ತೇ ಮಾಡಿಸಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ನಂತರ ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸಿ. ಬಾಯಿಮಾತು ಸಾಲದು, ಬರೆದ ವರದಿ ಬೇಕು. ಅದರ ಪ್ರತಿ ಇಟ್ಟು ಗುತ್ತಿಗೆದಾರರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ರಿಪೇರಿ ಆದಮೇಲೆ ಬಾಕಿ ಕೊಡ್ತೀವಿ ಅಂತ ಅದರಲ್ಲೇ ಬರೆಯಿರಿ. ಸುಮ್ನೆ ದುಡ್ಡು ಹಿಡಿದಿಟ್ಟುಕೊಂಡರೆ ತಪ್ಪು ನಿಮ್ಮ ತಲೆಗೆ ಬರುತ್ತೆ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಆದರೆ ತೊಂದರೆ ಶುರುವಾಗಿ 2 ವರ್ಷದೊಳಗೆ ದೂರು ಕೊಡಬೇಕು. ಮಾತುಕತೆಯಲ್ಲೇ ಆ ಕಾಲ ಕಳೆದುಹೋಗದಂತೆ ನೋಡಿಕೊಳ್ಳಿ. ಸ್ವಂತ ಸೈಟಿನಲ್ಲಿ ಕಟ್ಟಿಸಿದ್ದರಿಂದ ರೇರಾ (ಬಿಲ್ಡರ್‌ಗಳು ಕಟ್ಟಿ ಮಾರುವ ಯೋಜನೆಗಳಿಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ನಿಮಗೆ ಅನ್ವಯಿಸಲ್ಲ.

ಪ್ರಶ್ನೆ: ಹೊಸ ಫ್ಲ್ಯಾಟ್. ಬಾತ್‌ರೂಮಿನ ಸೀಲಿಂಗ್ ತೊಟ್ಟಿಕ್ಕುತ್ತೆ. ಕೀ ಕೊಟ್ಟಾಯ್ತು, ಇನ್ನು ನಮ್ಮ ಜವಾಬ್ದಾರಿ ಇಲ್ಲ ಅಂತಾರೆ ಬಿಲ್ಡರ್.
– ಓದುಗರು, ಬಳ್ಳಾರಿ

ಉತ್ತರ: ಜವಾಬ್ದಾರಿ ಖಂಡಿತ ಇದೆ. ಯೋಜನೆ ರೇರಾದಲ್ಲಿ ನೋಂದಣಿ ಆಗಿದ್ದರೆ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ದುಡ್ಡು ಕೇಳದೆ ಸರಿಮಾಡಿಕೊಡಬೇಕು. 2016ರ ಕಾಯ್ದೆಯ 14(3)ನೇ ಕಲಮು ಹೇಳೋದು ಇದನ್ನೇ. ಪತ್ರದಲ್ಲಿ ಆ ಕಲಮನ್ನೂ ಕಾಣಿಸಿ. ಮೇಲಿನ ಮನೆಯವರನ್ನು ಕೇಳಿ, ಅವರ ಬಾತ್‌ರೂಮಿನ ಜಾಲರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ. ಸೋರುವುದು ಜಾಸ್ತಿಯಾದರೆ ಅದನ್ನೂ ವಿಡಿಯೊ ಮಾಡಿ ಪತ್ರದ ಜೊತೆ ಕಳಿಸಿ.