9 ಇಂಚು ದೂರದ ಚಾರ್ಜ್‌ಗೆ ದಾಳದಲ್ಲಿ 8 ಬಿದ್ದರೆ ಸಾಕೇ?

ನಿಮ್ಮ ಪ್ರಶ್ನೆ: ದಾವಣಗೆರೆಯಲ್ಲಿ ಭಾನುವಾರ ನಾಲ್ಕು ಜನ ಸೇರಿ ವಾರ್‌ಹ್ಯಾಮರ್ 40,000 (ಮಾಡೆಲ್ ಅನ್ನೋ ಪುಟ್ಟ ಬೊಂಬೆಗಳನ್ನು ಮೇಜಿನ ಮೇಲೆ ನಡೆಸೋ ಯುದ್ಧದಾಟ) ಆಡ್ತೀರಿ. ಡೀಪ್ ಸ್ಟ್ರೈಕ್‌ನಲ್ಲಿ (ಆಟದ ನಡುವೆ ನೇರ ಮೇಜಿನ ಮೇಲೆ ಇಳಿಸೋದು) ಇಳಿದ ಯೂನಿಟ್ (ಮಾಡೆಲ್‌ಗಳ ತಂಡ) ಶತ್ರುವಿಗೆ 9 ಇಂಚು ದೂರದಲ್ಲಿತ್ತು, ಚಾರ್ಜ್‌ಗೆ (ದಾಳದಲ್ಲಿ ಬಿದ್ದಷ್ಟು ಇಂಚು ಶತ್ರುವಿನತ್ತ ನುಗ್ಗೋದು) ಎರಡು ದಾಳ ಹಾಕಿದರೆ 8 ಬಿತ್ತು. 1 ಇಂಚಿನೊಳಗೆ ಬಂದರೆ ಸಾಕಲ್ವಾ ಅಂತ ಜಗಳ. ಜೊತೆಗೆ, ಕಟ್ಟಡದ ಮಹಡಿ ಮೇಲೆ ನಿಂತ ಶತ್ರುವನ್ನು ಕೆಳಗಿಂದ ಹೊಡೀಬಹುದಾ ಅಂತಲೂ ಕೇಳಿದ್ದೀರಿ.

8 ಸಾಲದು, 9 ಬೇಕು. 2023ರ 10ನೇ ಆವೃತ್ತಿಯಲ್ಲಿ ಇಳಿಸುವ ನಿಯಮ ಹೇಳೋದು '9 ಇಂಚಿಗಿಂತ ಹೆಚ್ಚು' ಅಂತ. ಕೂದಲೆಳೆಯಷ್ಟಾದರೂ ಆಚೆ ಇರಲೇಬೇಕು. ಎಂಗೇಜ್‌ಮೆಂಟ್ ರೇಂಜಿನ (ಕೈಕೈ ಕಾಳಗಕ್ಕೆ ಸಾಕಾಗುವ ಅಂತರ) 1 ಇಂಚು ಕಳೆದರೂ ಆ ಕೂದಲೆಳೆ 8ರ ಮೇಲೆ ಉಳಿದೇ ಉಳಿಯುತ್ತೆ. ಸಣ್ಣ ವಿಷಯ ಅಲ್ಲ: 8 ಅಥವಾ ಮೇಲೆ ಬೀಳೋದು 36ಕ್ಕೆ 15 ಸಲ, 9 ಅಥವಾ ಮೇಲೆ ಬರೀ 10 ಸಲ. ನಿಜವಾಗಿ ಸರಿಯಾಗಿ 9 ಇಂಚಿಗೇ ಇಟ್ಟಿದ್ದರೆ ಇಳಿಸಿದ್ದೇ ತಪ್ಪು.

ಇದಕ್ಕೆ ಟೇಪಿಗಿಂತ ರಟ್ಟು ವಾಸಿ. 9 ಇಂಚಿನ ಪಟ್ಟಿ ಕತ್ತರಿಸಿಟ್ಟುಕೊಳ್ಳಿ. ಎರಡು ಬೇಸ್‌ಗಳ (ಮಾಡೆಲ್ ನಿಂತಿರೋ ಅಡಿಬಿಲ್ಲೆ) ನಡುವೆ ಅದು ಸಡಿಲವಾಗಿ ಮಲಗಿದರೆ ಸರಿ, ಸಿಕ್ಕಿಕೊಂಡರೆ ಮಾಡೆಲ್ ಹಿಂದಕ್ಕೆ. ಟೈಲರ್ ಟೇಪ್ ಮಾತ್ರ ಬೇಡ, ಎಳೆದಷ್ಟೂ ಹಿಗ್ಗುತ್ತೆ. ಚೌಕಿಪೇಟೆ ಕಡೆ ಹೋದಾಗ ಉಳಿದ ಅಳತೆಗಳಿಗೆ ಒಂದು ಸ್ಟೀಲ್ ಟೇಪ್ ತಂದುಬಿಡಿ.

ಇದಕ್ಕಿಂತ ಹೆಚ್ಚು ಕಳ್ಳಾಟ, ಬೇಕಂತ ಅಲ್ಲದಿದ್ದರೂ, ಆಗೋದು ಮಾಡೆಲ್ ನಡೆಸುವಾಗ. ಬೇಸಿನ ಮುಂದಿನ ಅಂಚಿಗೆ ಟೇಪ್ ಹಿಡಿದು, 6 ಇಂಚಿನ ಗುರುತಿಗೆ ಅದೇ ಬೇಸಿನ ಹಿಂದಿನ ಅಂಚು ತಂದಿಡ್ತಾರೆ. 32 ಮಿಲಿಮೀಟರ್ ಬೇಸ್ ಆದರೆ ಅಲ್ಲಿಗೆ ಸುಮಾರು ಒಂದೂಕಾಲು ಇಂಚು ಪುಕ್ಕಟೆ. ಮುಂದಿನ ಅಂಚಿಂದ ಮುಂದಿನ ಅಂಚಿಗೇ ಅಳೀರಿ.

ಇನ್ನು ಮಹಡಿ ಪ್ರಶ್ನೆ. ಅದೇ 10ನೇ ಆವೃತ್ತಿಯಲ್ಲಿ ಎಂಗೇಜ್‌ಮೆಂಟ್ ರೇಂಜ್ ಅಡ್ಡಕ್ಕೆ 1 ಇಂಚು, ಎತ್ತರಕ್ಕೆ 5. ಹಾಗಾಗಿ 4 ಇಂಚು ಮೇಲಿನ ಮಹಡಿಯ ತುದಿಯಲ್ಲಿ ನಿಂತವನನ್ನು ನೇರ ಕೆಳಗಿಂದಲೇ ಹೊಡೀಬಹುದು, ಹತ್ತಬೇಕಿಲ್ಲ. ಹತ್ತಲೇಬೇಕು ಅಂದರೆ ಏರಿದ ಎತ್ತರವೂ ನಡಿಗೆಯ ಲೆಕ್ಕಕ್ಕೆ ಸೇರುತ್ತೆ. 2 ಇಂಚು ಅಥವಾ ಅದಕ್ಕಿಂತ ಗಿಡ್ಡ ಅಡ್ಡಿಗಳನ್ನು ಮಾತ್ರ ಇಲ್ಲವೇ ಇಲ್ಲ ಅನ್ನೋ ಹಾಗೆ ದಾಟಬಹುದು.

ಇನ್ನು 'ಚಾರ್ಜ್ ಮಾಡಿದವನದ್ದೇ ಮೊದಲ ಏಟು' ಅನ್ನೋದು ಅರ್ಧ ಸತ್ಯ. ಚಾರ್ಜ್ ಮಾಡಿದ ಯೂನಿಟ್‌ಗೆ 'ಫೈಟ್ಸ್ ಫಸ್ಟ್' (ಉಳಿದವರಿಗಿಂತ ಮೊದಲು ಹೊಡೆಯೋ ಹಕ್ಕು) ಸಿಗುತ್ತೆ, ನಿಜ. ಎದುರಿನ ಯೂನಿಟ್‌ಗೂ ಅದು ಹುಟ್ಟಾ ಇದ್ದರೆ? ಆಗ ಆ ಸರದಿ ಯಾರದಲ್ಲವೋ ಅವರೇ ಮೊದಲು ಯೂನಿಟ್ ಆರಿಸಿ ಹೊಡೀತಾರೆ. ಚಾರ್ಜ್ ಘೋಷಿಸೋಕೆ ಮುಂಚೆ ಎದುರಾಳಿಯ ಯೂನಿಟ್ ವಿವರ ಇರೋ ಕಾರ್ಡ್ ಕೇಳಿ ಓದಿಕೊಳ್ಳಿ.