ಮಣಿಕಟ್ಟು ನೋವು: ಪಾನಾ ಹಿಡಿಯುವ ಮುನ್ನ, ಹಿಡಿದ ಮೇಲೆ

ಮುಂಬೈ, ಪುಣೆ, ಗೋವಾದ ಓದುಗರಿಂದ ಈ ಸಲ ಬಂದ ಬೈಕ್ ಪ್ರಶ್ನೆಗಳಲ್ಲಿ ಕೈನೋವಿನವೇ ಹೆಚ್ಚು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾತ್ರಜ್‌ನಿಂದ ಹಿಂಜವಡಿಗೆ ದಿನಾ 150 ಸಿಸಿ ಬೈಕಿನಲ್ಲಿ ಹೋಗಿಬರುತ್ತೇನೆ. ವಾಕಡ್ ಬರುವಷ್ಟರಲ್ಲಿ ಎಡಗೈ ಮಣಿಕಟ್ಟು ಸಿಡಿಯಲು ಶುರುವಾಗುತ್ತದೆ. ಎತ್ತರದ ಹ್ಯಾಂಡಲ್ ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ? – ಓದುಗರು, ಪುಣೆ

ಉತ್ತರ: ಸದ್ಯಕ್ಕೆ ಬೇಡ. ಹ್ಯಾಂಡಲ್ ಎರಡೂ ಕೈಗೆ ಒಂದೇ. ಅದರ ಎತ್ತರವೇ ತಪ್ಪಾಗಿದ್ದರೆ ಸಾಮಾನ್ಯವಾಗಿ ಬಲಗೈಯೂ ನೋಯಬೇಕಿತ್ತು. ಎಡಗೈ ಒಂದೇ ನೋಯುವಾಗ ಮೊದಲ ಅನುಮಾನ ಕ್ಲಚ್ ಮೇಲೆ. ಲಿವರ್ ಕೂತಿರುವ ಕೋನ ನೋಡಬೇಕು, ಅದನ್ನು ಎಳೆಯಲು ಎಷ್ಟು ಬಲ ಬೇಕಾಗುತ್ತಿದೆ ಎಂಬುದನ್ನೂ ನೋಡಬೇಕು.

ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ದಿನಾ ಕೂರುವ ಹಾಗೆಯೇ ಕೂರಿ. ಗ್ಲೌಸ್ ಹಾಕುವವರಾದರೆ ಅದನ್ನೂ ಹಾಕಿಕೊಳ್ಳಿ. ಕಣ್ಣು ಮುಚ್ಚಿ ಗ್ರಿಪ್ ಮೇಲೆ ಕೈಯಿಟ್ಟು ಬೆರಳುಗಳನ್ನಷ್ಟೇ ಮುಂದಕ್ಕೆ ಚಾಚಿ. ಯಾರಾದರೂ ಪಕ್ಕದಿಂದ ಫೋಟೊ ತೆಗೆಯಲಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಲಿವರ್ ಸರಿಯಾಗಿ ಆ ಬೆರಳುಗಳ ಅಡಿಗೆ ಸಿಗಬೇಕು. ಲಿವರ್ ಅದಕ್ಕಿಂತ ಮೇಲಿದ್ದರೆ ಕ್ಲಚ್ ಹಿಡಿದಾಗಲೆಲ್ಲ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಬೆರಳುಗಳನ್ನು ಎಳೆಯುವ ಸ್ನಾಯುರಜ್ಜುಗಳು ಹಾದುಹೋಗುವುದು ಮಣಿಕಟ್ಟಿನ ಕಿರಿದಾದ ಓಣಿಯೊಳಗೆ. ಮಡಚಿದ ಕೈಯಲ್ಲಿ ಬಲ ಹಾಕಿದರೆ ಅವು ಅಲ್ಲಿ ಒತ್ತಿಕೊಂಡು ಉಜ್ಜುತ್ತವೆ. ತೆವಳುವ ಟ್ರಾಫಿಕ್ಕಿನಲ್ಲಿ ಇದು ಮತ್ತೆ ಮತ್ತೆ ನಡೆಯುವುದರಿಂದಲೇ ನೋವು.

ಸರಿಪಡಿಸುವಾಗ ಮೊದಲು ಹ್ಯಾಂಡಲ್, ಆಮೇಲೆ ಲಿವರ್. ಹ್ಯಾಂಡಲ್ ತಿರುಗಿದರೆ ಲಿವರ್, ಸ್ವಿಚ್, ಕನ್ನಡಿ ಎಲ್ಲವೂ ಅದರ ಜೊತೆ ತಿರುಗುತ್ತವೆ. ಹಿಂದುಮುಂದು ಮಾಡಿದರೆ ಕೆಲಸ ಎರಡು ಸಲ. ಈಗಿನ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಹ್ಯಾಂಡಲನ್ನು ಹಿಡಿದಿರುವ ಕ್ಲ್ಯಾಂಪಿನ ನಾಲ್ಕು ಬೋಲ್ಟ್ ಸಡಿಲಿಸಿ, ಒಂದು ಸಲಕ್ಕೆ 2–3 ಮಿಮೀ ಮಾತ್ರ ತಿರುಗಿಸಿ. ನಿಮ್ಮ ಕಡೆ ತಿರುಗಿಸಿದರೆ ಗ್ರಿಪ್ ಹತ್ತಿರ ಬರುತ್ತದೆ, ಜೊತೆಗೆ ತುಸು ಕೆಳಗೂ ಇಳಿಯುತ್ತದೆ. ಎರಡನೆಯದನ್ನು ಮರೆತು ಅತಿಯಾಗಿ ತಿರುಗಿಸಿದವರ ಮಣಿಕಟ್ಟು ಹೊರಪಕ್ಕಕ್ಕೆ ವಾಲಿ ಹೊಸ ನೋವು ಹುಟ್ಟುತ್ತದೆ. ಬಿಗಿ ಮಾಡುವಾಗ ಕ್ಲ್ಯಾಂಪಿನ ಮೇಲೆ ಚುಕ್ಕಿ ಗುರುತಿದ್ದರೆ ಅದು ಸಾಮಾನ್ಯವಾಗಿ ಮುಂದಕ್ಕೆ ಬರಬೇಕು. ಮುಂದಿನ ಎರಡು ಬೋಲ್ಟ್ ಪೂರ್ತಿ ಬಿಗಿದು ಆಮೇಲೆ ಹಿಂದಿನವು. ಹಿಂದೆ ಸಣ್ಣ ಸಂದು ಉಳಿಯುವುದು ಸರಿಯೇ. 8 ಎಂಎಂ ಬೋಲ್ಟುಗಳಿಗೆ ಬಿಗಿತ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಈಗ ಲಿವರ್. ಅದನ್ನು ಹಿಡಿದಿರುವ ಬ್ರ್ಯಾಕೆಟ್ಟಿನ ಬೋಲ್ಟ್ ಸಡಿಲಿಸಿ ಫೋಟೊದ ಗೆರೆಗೆ ಹೊಂದುವಷ್ಟು ತಿರುಗಿಸಿ. ಪಕ್ಕದಲ್ಲಿ ಜಾಗವಿದ್ದರೆ ಬ್ರ್ಯಾಕೆಟ್ಟನ್ನು 5 ಮಿಮೀಯಷ್ಟು ಒಳಕ್ಕೂ ಸರಿಸಿ. ಬೆರಳು ಲಿವರಿನ ತುದಿಯ ಹತ್ತಿರ ಬಿದ್ದಷ್ಟೂ ಎಳೆಯುವುದು ಹಗುರ. ಇಂಡಿಕೇಟರ್ ಸ್ವಿಚ್‌ಗಳ ಡಬ್ಬಿ ಮಾತ್ರ ಬಹಳ ಗಾಡಿಗಳಲ್ಲಿ ತಿರುಗುವುದಿಲ್ಲ. ಅದರೊಳಗಿನ ಸಣ್ಣ ಪಿನ್ನು ಹ್ಯಾಂಡಲಿನ ತೂತಿನಲ್ಲಿ ಕೂತಿರುತ್ತದೆ. ಇನ್ನೊಂದು ತೂತು ಕೊರೆಯಲು ಯಾರಾದರೂ ಮುಂದಾದರೆ ಬಿಡಬೇಡಿ, ಪೈಪ್ ದುರ್ಬಲವಾಗುವುದು ಅಲ್ಲಿಯೇ. ಬ್ರ್ಯಾಕೆಟ್ ಅಲ್ಯುಮಿನಿಯಂ, ಅತಿ ಬಿಗಿದರೆ ಸೀಳುತ್ತದೆ. ಓಡಿಸುವಾಗ ಅಲ್ಲಾಡಬಾರದು, ಗಾಡಿ ಬಿದ್ದರೆ ತಿರುಗಿಕೊಳ್ಳಬೇಕು. ಅಷ್ಟು ಬಿಗಿ ಸಾಕು. ಆಗ ಬಿದ್ದರೂ ಲಿವರ್ ಮುರಿಯದೆ ಉಳಿಯುವ ಸಾಧ್ಯತೆ ಹೆಚ್ಚು. ಅನೇಕ ಗಾಡಿಗಳಲ್ಲಿ ಕನ್ನಡಿ ಇದೇ ಬ್ರ್ಯಾಕೆಟ್ಟಿನಲ್ಲಿರುವುದರಿಂದ ಅದನ್ನೂ ಮತ್ತೆ ಹೊಂದಿಸಿ.

ಕೊನೆಗೆ ಕ್ಲಚ್ ಸಡಿಲ. ಲಿವರಿನ ತುದಿಯಲ್ಲಿ ಅಳೆದರೆ ಬಹುಪಾಲು ಗಾಡಿಗಳಿಗೆ 10–15 ಮಿಮೀ ಖಾಲಿ ಆಟ (ಕ್ಲಚ್ ಕೆಲಸ ಶುರುಮಾಡುವ ಮೊದಲು ಲಿವರ್ ಸುಮ್ಮನೆ ಸರಿಯುವ ದೂರ) ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಲಿವರನ್ನು ಗ್ರಿಪ್‌ಗೆ ತಾಗುವವರೆಗೆ ಎಳೆದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ನ್ಯೂಟ್ರಲ್ ಸಿಗುವುದಿಲ್ಲ, ಸಿಗ್ನಲ್ಲಿನಲ್ಲಿ ಹಿಡಿದೇ ನಿಲ್ಲಬೇಕಾಗುತ್ತದೆ. ಆಟವೇ ಇಲ್ಲದಿದ್ದರೆ ಪ್ಲೇಟ್ ಜಾರಿ ಸವೆಯುತ್ತದೆ. ಇದೆಲ್ಲ ಸರಿಯಾದ ಮೇಲೂ ನೋವು ಉಳಿದರೆ ಆಗ ಎತ್ತರದ ಹ್ಯಾಂಡಲಿನ ಮಾತಾಡೋಣ.

ಪ್ರಶ್ನೆ: ನನಗೆ ಬಲಗೈ ನೋವು. ಮುಂದೆ ಡಿಸ್ಕ್ ಬ್ರೇಕ್ ಇದೆ. ಆ ಲಿವರನ್ನೂ ತಿರುಗಿಸಬಹುದೇ, ಆಯಿಲ್ ಚೆಲ್ಲುವುದಿಲ್ಲವೇ? – ಓದುಗರು, ಡೊಂಬಿವಲಿ

ಉತ್ತರ: ತಿರುಗಿಸಬಹುದು, ಆಯಿಲ್ ಚೆಲ್ಲುವುದಿಲ್ಲ. ಆದರೆ ಹ್ಯಾಂಡಲ್ ನೇರವಿರುವಾಗ ಆಯಿಲ್ ಡಬ್ಬಿ ಹೆಚ್ಚುಕಡಿಮೆ ಮಟ್ಟಸವಾಗಿಯೇ ಉಳಿಯಬೇಕು. ಬಹಳ ವಾಲಿಸಿ, ಆಯಿಲ್ ಕೂಡ ಕಡಿಮೆಯಿದ್ದರೆ ಲೈನಿಗೆ ಗಾಳಿ ಸೇರಿ ಬ್ರೇಕ್ ಸ್ಪಂಜಿನಂತಾಗುತ್ತದೆ. ಕ್ಲ್ಯಾಂಪಿನ ಮೇಲೆ ‘ಅಪ್’ ಎಂಬ ಗುರುತೋ ಬಾಣವೋ ಇದ್ದರೆ ಅದು ಮೇಲಕ್ಕೇ ಇರಲಿ. ಮೇಲಿನ ಬೋಲ್ಟ್ ಮೊದಲು, ಕೆಳಗಿನದು ಆಮೇಲೆ. ಇವು 6 ಎಂಎಂನ ಸಣ್ಣ ಬೋಲ್ಟುಗಳು, 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕು. ಗಾಡಿ ರಸ್ತೆಗಿಳಿಸುವ ಮೊದಲು ಲಿವರ್ ಒತ್ತಿ ನೋಡಿ. ಹಿಂದಿನ ಬ್ರೇಕ್ ಲೈಟ್ ಹತ್ತುತ್ತಿದೆಯೇ ಎಂಬುದನ್ನೂ ನೋಡಿ.

ಬಲಗೈಗೆ ಲಿವರಿಗಿಂತ ಎಕ್ಸಲೇಟರ್ ಹಿಡಿಯುವ ರೀತಿಯೇ ಹೆಚ್ಚು ಕಾಟ ಕೊಡುತ್ತದೆ. ಗಾಡಿ ನಿಂತಿರುವಾಗ ಕೈ ನೇರವಾಗಿಟ್ಟು ಹಿಡಿದವರು ವೇಗ ಹೆಚ್ಚಿಸಿದಾಗ ಮಣಿಕಟ್ಟು ಕೆಳಕ್ಕೆ ಕುಸಿಯುತ್ತದೆ, ನೂರು ಕಿಲೋಮೀಟರಾದರೂ ಹಾಗೆಯೇ ಉಳಿಯುತ್ತದೆ. ಶುರುವಿನಲ್ಲೇ ಮಣಿಕಟ್ಟು ತುಸು ಮೇಲಿರುವಂತೆ ಹಿಡಿಯಿರಿ, ಓಡುವ ವೇಗಕ್ಕೆ ಬಂದಾಗ ಅದು ತಾನಾಗಿ ನೇರವಾಗುತ್ತದೆ. ಗ್ರಿಪ್ಪನ್ನು ಮುಷ್ಟಿ ಕಟ್ಟಿ ಹಿಡಿಯದೆ, ಸ್ಕ್ರೂಡ್ರೈವರ್ ಹಿಡಿಯುವಂತೆ ಅಂಗೈಗೆ ಓರೆಯಾಗಿ ಹಿಡಿದರೆ ಮಣಿಕಟ್ಟು ಮಡಚುವುದೇ ಕಡಿಮೆ.

ಎಕ್ಸಲೇಟರಿನ ಖಾಲಿ ಆಟವನ್ನು ಗ್ರಿಪ್ಪಿನ ಒಳಗಿನ ಅಂಚಿನಲ್ಲಿ ಅಳೆಯಿರಿ: 2ರಿಂದ 6 ಮಿಮೀ ನಡುವೆ ಇದ್ದರೆ ಚೆನ್ನ. ಕೈ ಬಿಟ್ಟರೆ ಗ್ರಿಪ್ ಠಪ್ಪನೆ ಹಿಂದಿರುಗಬೇಕು. ಒಳಗಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಮಣ್ಣು ಸೇರಿ ಗಟ್ಟಿಯಾಗಿದ್ದರೆ ಬಿಚ್ಚಿ ಒರೆಸಿದರೆ ಸಾಕು, ಎಷ್ಟೋ ಕೈನೋವು ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ವಾಸ್ಕೋದಾಗ ಪೈಲಟ್ ಗಾಡಿ (ಬೈಕ್ ಟ್ಯಾಕ್ಸಿ) ಓಡಸ್ತೀನ್ರಿ, ದಿನಾಪೂರ್ತಿ ಹಿಂದ ಸವಾರಿ ಇರತೈತಿ. ಎರಡೂ ಕೈಯಾಗ ಕಿರುಬೆರಳು ಜೋಮು ಹಿಡಿತಾವು, ಕ್ಲಚ್ಚೂ ಭಾಳ ಬಿಗಿ ಆಗೇತಿ. ದಪ್ಪನ ಫೋಮ್ ಗ್ರಿಪ್ ಹಾಕಸ್ಲೇನ್ರಿ? – ಮೋಟರ್‌ಸೈಕಲ್ ಪೈಲಟ್, ಗೋವಾ

ಉತ್ತರ: ಯಾವ ಬೆರಳು ಜೋಮು ಹಿಡಿಯುತ್ತದೆ ಎಂಬುದು ಕಾರಣದ ದಾರಿ ತೋರಿಸುತ್ತದೆ. ಕಿರುಬೆರಳು ಮತ್ತು ಉಂಗುರಬೆರಳಾದರೆ ಅಂಗೈಯ ಹೊರ ಅಂಚಿನ ಮೇಲೆ ಮೈಭಾರ ಬೀಳುತ್ತಿರಬಹುದು. ಸೀಟ್ ಮುಟ್ಟಿ ನೋಡಿ. ಮುಂಭಾಗದ ಫೋಮ್ ಕುಸಿದಿದ್ದರೆ ನೀವು ಟ್ಯಾಂಕಿನ ಕಡೆ ಜಾರುತ್ತೀರಿ, ಬ್ರೇಕ್ ಹಾಕಿದಾಗ ಹಿಂದಿನವರ ಭಾರವೂ ನಿಮ್ಮ ಕೈಗೇ ಬರುತ್ತದೆ. ಸೀಟಿನ ಫೋಮ್ ಹೊಸದು ಹಾಕಿಸುವುದೇ ನಿಮಗೆ ಮೊದಲ ಖರ್ಚು. ಸವಾರಿಗೆ ಹಿಂದಿನ ಕಂಬಿ ಹಿಡಿಯಲು ಹೇಳಿ, ನೀವು ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ.

ಬಿಗಿ ಕ್ಲಚ್ಚಿಗೆ ಕಡಲ ಉಪ್ಪುಗಾಳಿ ದೊಡ್ಡ ಕಾರಣ, ಮಳೆಗಾಲದ ನಂತರ ಇನ್ನೂ ಹೆಚ್ಚು. ಕೇಬಲಿನ ಮೇಲ್ತುದಿ ಕಳಚಿ, ತೆಳು ಆಯಿಲನ್ನು ಹನಿಹನಿಯಾಗಿ ಬಿಡಿ, ಕೆಳತುದಿಯಲ್ಲಿ ಕಾಣಿಸುವವರೆಗೆ. ಲಿವರ್ ತಿರುಗುವ ಬೋಲ್ಟ್ ಬಿಚ್ಚಿ ತುಕ್ಕು ಒರೆಸಿ ಚೂರು ಗ್ರೀಸ್ ಹಚ್ಚಿ. ತಂತಿಯ ಒಂದು ಎಳೆ ಹರಿದಿದ್ದರೂ ಆಯಿಲ್ ಬಿಡುವ ಶ್ರಮ ಬೇಡ, ಕೇಬಲ್ ಬದಲಿಸಿ. ಹೊಸದನ್ನು ಹಳೆಯದು ಹೋದ ದಾರಿಯಲ್ಲೇ ಹಾಕಿಸಿ. ಒಂದು ಕಡೆ ಚೂಪಾಗಿ ಬಗ್ಗಿದರೂ ಹೊಸ ಕೇಬಲ್ ಹಳೆಯದರಷ್ಟೇ ಗಟ್ಟಿಯಾಗುತ್ತದೆ.

ದಪ್ಪ ಫೋಮ್ ಗ್ರಿಪ್ ನಡುಕ ತಗ್ಗಿಸುತ್ತದೆ ನಿಜ, ಆದರೆ ಸಣ್ಣ ಕೈಯವರಿಗೆ ಅದನ್ನು ಸುತ್ತಿ ಹಿಡಿಯುವುದೇ ದಣಿವು, ಲಿವರ್ ಕೂಡ ದೂರವಾಗುತ್ತದೆ. ನಡುಕ ಹೊಸದಾಗಿ ಶುರುವಾಗಿದ್ದರೆ ಹ್ಯಾಂಡಲ್ ತುದಿಯ ತೂಕದ ಗುಂಡು ಸಡಿಲವಾಗಿದೆಯೇ, ಎಂಜಿನ್ ಹಿಡಿದಿರುವ ಬೋಲ್ಟ್ ಸಡಿಲವೇ, ಚೈನ್ ಅತಿ ಬಿಗಿಯೇ ನೋಡಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ, ಇಲ್ಲವೇ ಗಾಡಿ ಬಿಟ್ಟ ಮೇಲೂ ಜೋಮು ಹೋಗದಿದ್ದರೆ, ಅದು ನರ ಒತ್ತಿಕೊಂಡ ಲಕ್ಷಣವಿರಬಹುದು. ದಯವಿಟ್ಟು ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕ್ಲಿಪ್‌ಆನ್ ಹ್ಯಾಂಡಲಿನ ಸ್ಪೋರ್ಟ್ಸ್ ಬೈಕ್. ಪುಣೆ–ಮುಂಬೈ ಹಳೆ ಹೆದ್ದಾರಿಯಲ್ಲಿ ಖಂಡಾಲಾ ಘಾಟ್ ಇಳಿಯುವಾಗ ಎರಡೂ ಮಣಿಕಟ್ಟು ಉರಿಯುತ್ತವೆ. – ವಿದ್ಯಾರ್ಥಿ, ಪಿಂಪ್ರಿ

ಉತ್ತರ: ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ಅವಕಾಶವಿಲ್ಲವಾದ್ದರಿಂದ ಹಳೆ ರಸ್ತೆ ತಪ್ಪುವುದಿಲ್ಲ. ಕ್ಲಿಪ್‌ಆನ್ ಎಂದರೆ ಎಡಕ್ಕೊಂದು ಬಲಕ್ಕೊಂದು ಬಿಡಿ ಹ್ಯಾಂಡಲ್; ಅದು ನೇರವಾಗಿ ಮುಂಚಕ್ರ ಹಿಡಿದಿರುವ ಫೋರ್ಕ್‌ಗೆ ಕಚ್ಚಿರುವುದರಿಂದ ಹೊಂದಿಸಲು ಜಾಗ ಕಡಿಮೆ. ಲಿವರ್ ಕೋನವನ್ನಂತೂ ಮೇಲೆ ಹೇಳಿದಂತೆ ಸರಿಮಾಡಿ. ಉಳಿದದ್ದು ಮೈ ಹಿಡಿಯುವ ರೀತಿ. ಟ್ಯಾಂಕಿಗೆ ಅಂಟಿ ಕೂರದೆ ಒಂದು ಮುಷ್ಟಿಯಷ್ಟು ಹಿಂದೆ ಸರಿಯಿರಿ, ಮೊಣಕೈ ಬಗ್ಗಿರಲಿ. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿದರೆ ಬ್ರೇಕ್ ಕಡಿಮೆ ಸಾಕು. ಬ್ರೇಕ್ ಹಾಕುವ ಮೊದಲೇ ತೊಡೆಯಿಂದ ಟ್ಯಾಂಕ್ ಬಿಗಿ ಹಿಡಿದರೆ ಭಾರ ಕೈಗೆ ಇಳಿಯುವುದಿಲ್ಲ. ಟ್ಯಾಂಕ್ ಜಾರುತ್ತಿದ್ದರೆ ಎರಡೂ ಬದಿಗೆ ರಬ್ಬರ್ ಪ್ಯಾಡ್ ಅಂಟಿಸಿ.

ಪ್ರಶ್ನೆ: 30 ಮಿಮೀ ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು) ಹಾಕಿಸಿದ್ದೇನೆ. ಕೈನೋವು ಹೋಗಿದೆ, ಆದರೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಎಂಜಿನ್ ಸದ್ದು ತಾನಾಗಿ ಏರುತ್ತದೆ. – ಓದುಗರು, ಮುಲುಂಡ್

ಉತ್ತರ: ಎಕ್ಸಲೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ. ಯು ತಿರುವಿನಲ್ಲಿ ಗಾಡಿ ನಿಮ್ಮ ಕೈಮೀರಿ ಮುಂದಕ್ಕೆ ನುಗ್ಗಬಹುದು, ಸರಿಯಾಗುವವರೆಗೆ ಓಡಿಸಬೇಡಿ. ಮೊದಲು ಕೇಬಲಿನ ದಾರಿ ಬದಲಿಸಿ ನೋಡಲಿ, ಸಾಲದಿದ್ದರೆ ಉದ್ದದ ಕೇಬಲ್ ಹಾಕಲಿ, ಅದು ಸಿಗದಿದ್ದರೆ ಕಡಿಮೆ ಎತ್ತರದ ರೈಸರ್. ಅದೇ ಹೊತ್ತಿಗೆ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಪೈಪ್, ಕ್ಲಚ್ ಕೇಬಲ್, ಸ್ವಿಚ್ಚಿನ ವೈರುಗಳು ಬಿಗಿಯಾಗುತ್ತಿವೆಯೇ ನೋಡಿಸಿ. ಬ್ರೇಕ್ ಪೈಪ್ ಬಿಗಿದಿದ್ದರೆ ರೈಸರ್ ಅಂದೇ ತೆಗೆಸಿಬಿಡಿ.